ಏಳು ಸೆಕೆಂಡಿನ ಗುಂಡಿ

ಬೀದಿಯ ನಡುವೆ ಬಿದ್ದ ಗುಂಡಿಯ ಮೇಲೆ ಯಾರಿಗೆ ತಾನೇ ಪ್ರೀತಿ ಹುಟ್ಟೀತು? ಸೈಕಲ್ಲಿನವರು ಬೈದರು, ಬೆನ್ನುನೋವಿನವರು ಬೈದರು, ಹಾಲಿನವನು ಬಿದ್ದು, ಎದ್ದು, ಕ್ಯಾನು ಎತ್ತಿಕೊಂಡು ಬೈದ. ಇಡೀ ಬೀದಿಯಲ್ಲಿ ಅದನ್ನು ಬಯ್ಯದವನು ಅಳಿಯ ಒಬ್ಬನೇ. ಅವನು ಎದ್ದ ಕೂಡಲೇ, ಮುಖ ತೊಳೆಯುವುದಕ್ಕೂ ಮೊದಲು, ಕಿಟಕಿಯಿಂದ ಇಣುಕಿ ಗುಂಡಿ ನಿನ್ನೆಯಷ್ಟೇ ಆಳವಾಗಿದೆಯೇ ಎಂದು ನೋಡುತ್ತಿದ್ದ. ತುಸು ತುಂಬಿಕೊಂಡಂತೆ ಕಂಡರೆ, ಯಾರೂ ನೋಡದ ಹೊತ್ತಿನಲ್ಲಿ ಹೋಗಿ ಕಾಲಿನಿಂದ ಮಣ್ಣು ಕೆದರಿ ಬರುತ್ತಿದ್ದ.

ಅವನು ಅತ್ತೆಯ ಮನೆಯಲ್ಲಿ ಇದ್ದವನು. ಅತ್ತೆ 'ಅಳಿಯಂದಿರೇ, ಅಳಿಯಂದಿರೇ' ಎಂದು ಕರೆದು ಕರೆದು, ಕೊನೆಗೆ ಇಡೀ ಬೀದಿಗೇ ಅವನು ಅಳಿಯನಾಗಿದ್ದ. ಕೆಲಸ ಬೇಕರಿಯಲ್ಲಿ, ರಾತ್ರಿ ಪಾಳಿ. ಸಂಜೆ ಐದೂವರೆಗೆ ಹೊರಟರೆ ಹಿಟ್ಟು ನಾದಿ, ಬ್ರೆಡ್ಡು ಬೇಯಿಸಿ, ಬೆಳಿಗ್ಗೆ ಆರಕ್ಕೆ ಮನೆ. ಹೆಂಡತಿ ಬಸ್ಸಿನ ಡ್ರೈವರು. ಬೆಳಿಗ್ಗೆ ಐದಕ್ಕೆ ಹೋದರೆ ಸಂಜೆ ಏಳಕ್ಕೆ ಮನೆ. ಅವಳು ಬಿಟ್ಟೆದ್ದ ಹಾಸಿಗೆಯ ಬಿಸಿ ಆರುವುದರೊಳಗೆ ಅವನು ಬಂದು ಮಲಗುತ್ತಿದ್ದ. ಅವರ ಸಂಸಾರ ಎಂದರೆ ಆ ಬಿಸಿ ಅಷ್ಟೇ. ವಾರದ ರಜೆ ಬಂದರೆ ಅತ್ತೆ, ಆರು ವರ್ಷದ ಮಗಳು, ಒಗೆಯುವ ಬಟ್ಟೆ ಎಲ್ಲ ಸೇರಿ ಅವಳನ್ನು ಪಾಲು ಹಾಕಿಕೊಂಡು, ಅವನ ಪಾಲಿಗೆ ಉಳಿಯುತ್ತಿದ್ದುದು ಅವಳ ಆಕಳಿಕೆ. ಫೋನಿನಲ್ಲಿ ಮಾತಾಡೋಣವೆಂದರೆ, ಅವಳಿಗೆ ಬಿಡುವಾದಾಗ ಇವನ ಕೈ ಹಿಟ್ಟಿನಲ್ಲಿ. ಇವನ ಕೈ ಖಾಲಿಯಾದಾಗ ಅವಳ ಕೈ ಸ್ಟೇರಿಂಗಿನಲ್ಲಿ.

ಅವಳ ಬಸ್ಸು ದಿನವೂ ಹನ್ನೊಂದು ಇಪ್ಪತ್ತಕ್ಕೆ ಈ ಬೀದಿಯಲ್ಲೇ ಹಾಯುತ್ತಿತ್ತು. ಆದರೆ ಅದು ನಿಲ್ಲದ ಬಸ್ಸು. ದೊಡ್ಡ ನಿಲ್ದಾಣ ಬಿಟ್ಟರೆ ಆಸ್ಪತ್ರೆಯವರೆಗೆ ಅದಕ್ಕೆ ಉಸಿರು ಬಿಡಲೂ ಪುರುಸೊತ್ತಿರಲಿಲ್ಲ. ಒಮ್ಮೆ ಇವನು ಹೆಂಡತಿಯನ್ನು ನೋಡಲೆಂದೇ ಎರಡು ಬಸ್ಸು ಬದಲಾಯಿಸಿ ದೊಡ್ಡ ನಿಲ್ದಾಣಕ್ಕೆ ಹೋಗಿದ್ದುಂಟು. ಹೋಗುವಷ್ಟರಲ್ಲಿ ಅವಳು ಹೊರಟಾಗಿತ್ತು. ಬರುವಾಗ ನಿದ್ದೆ ಹೋಗಿ ಊರಿನ ಇನ್ನೊಂದು ತುದಿಯಲ್ಲಿ ಇಳಿದ. ಅಂದು ಬೇಕರಿಯಲ್ಲಿ ತೂಕಡಿಸುತ್ತ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದ.

ಆಮೇಲೆ ಬಿತ್ತು ಈ ಗುಂಡಿ, ಸರಿಯಾಗಿ ಅವನ ಗೇಟಿನ ಎದುರಿಗೆ. ಬಾಣದಂತೆ ಹೋಗುತ್ತಿದ್ದ ಬಸ್ಸು ಅದನ್ನು ಕಂಡದ್ದೇ ತುಂಬು ಬಸುರಿಯಂತೆ ನಡೆಯತೊಡಗಿತು. ಗುಂಡಿ ದಾಟಲು ಏಳು ಸೆಕೆಂಡು. ಡ್ರೈವರಿನ ಕಿಟಕಿ ಗೇಟಿಗೆ ಕೈಯಳತೆಯ ದೂರ. ಆ ಏಳು ಸೆಕೆಂಡಿನಲ್ಲಿ ಸಂಸಾರ ನಡೆಯಿತು. "ಮಗಳ ಇನ್ನೊಂದು ಸಾಕ್ಸು ಎಲ್ಲಿ?" ಎಂದು ಸೋಮವಾರ ಕೇಳಿದರೆ, "ಮಂಚದ ಕೆಳಗೆ ನೋಡಿ" ಎಂದು ಮಂಗಳವಾರ ಉತ್ತರ. ಒಮ್ಮೆ ಇಬ್ಬರಿಗೂ ಜಗಳವಾಗಿ, ಅದು ಮುಗಿಯಲು ಮೂರು ವಾರ ಹಿಡಿಯಿತು. ಮುಗಿಯುವಷ್ಟರಲ್ಲಿ ಶುರು ಮಾಡಿದ್ದು ಯಾರೆಂದು ಇಬ್ಬರಿಗೂ ಮರೆತಿತ್ತು. ಕೆಲವು ದಿನ ಮಾತೇ ಇಲ್ಲ. ಅವಳು ಸ್ಟೇರಿಂಗಿನ ಮೇಲಿಂದ ಎರಡು ಬೆರಳು ಎತ್ತುತ್ತಿದ್ದಳು. ಆ ಎರಡು ಬೆರಳಿನ ಬಲದ ಮೇಲೆ ಅವನು ಮಾರನೆಯ ದಿನದವರೆಗೆ ಬದುಕಿರುತ್ತಿದ್ದ.

ಶಾಲೆಯಲ್ಲಿ 'ನನ್ನ ಮನೆ' ಚಿತ್ರ ಬರೆಯಲು ಹೇಳಿದಾಗ ಮಗಳು ಒಂದು ಕಡೆ ಬಸ್ಸು, ಇನ್ನೊಂದು ಕಡೆ ಅಪ್ಪ, ನಡುವೆ ಕಪ್ಪಗೆ ಒಂದು ಉಂಡೆ ಬರೆದಿದ್ದಳು.

"ಇದೇನು ಪುಟ್ಟಿ, ನಾಯಿಮರಿಯಾ?" ಎಂದು ಟೀಚರು ಕೇಳಿದರಂತೆ.

"ಅಲ್ಲ ಮಿಸ್, ನಮ್ಮ ಗುಂಡಿ."

ಹೀಗಿರಲು ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ, ಅಳಿಯ ನಡುನಿದ್ದೆಯಲ್ಲಿದ್ದಾಗ, ಬಾಗಿಲು ಮುರಿಯುವ ಹಾಗೆ ಸದ್ದಾಯಿತು. ಎದುರುಮನೆಯ ಅರ್ಜಿ ಅಜ್ಜ. ಕೆಲಸದಿಂದ ನಿವೃತ್ತರಾದ ಮೇಲೆ ಅರ್ಜಿ ಬರೆಯುವುದೇ ಅವರ ಉಸಿರು. ಈ ಗುಂಡಿಯೊಂದಕ್ಕೇ ನಗರಸಭೆಗೆ ಹನ್ನೊಂದು ಅರ್ಜಿ ಬರೆದಿದ್ದರು.

"ಏಳ್ರೀ ಅಳಿಯಂದಿರೇ! ಗೆದ್ದೆ! ಡಾಂಬರು ಲಾರಿ ಬಂತು! ಇವತ್ತೇ ಮುಚ್ತಾರೆ!"

"ಏನನ್ನ?"

"ಇನ್ನೇನನ್ನ, ನಿಮ್ಮ ಬಾಯನ್ನಾ? ಗುಂಡಿ ರೀ, ಗುಂಡಿ!"

ಅಳಿಯನ ನಿದ್ದೆ ಬಲೂನಿನ ಗಾಳಿಯಂತೆ ಇಳಿದುಹೋಯಿತು. ಲುಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಓಡಿದ. ಲಾರಿ ಹೊಗೆಯಾಡುತ್ತ ನಿಂತಿತ್ತು. ನಗರಸಭೆಯ ಮೇಸ್ತ್ರಿ ಗುಂಡಿಯ ಸುತ್ತ ಸುಣ್ಣದ ಗೆರೆ ಎಳೆಯುತ್ತಿದ್ದ.

ಇವತ್ತೊಂದು ದಿನ, ಹನ್ನೊಂದು ಇಪ್ಪತ್ತರವರೆಗಾದರೂ ತಡೆದರೆ ಸಾಕು ಎಂದುಕೊಂಡ ಅಳಿಯ. ಒಳಗೆ ಹೋಗಿ, ಬೇಕರಿಯಿಂದ ತಂದಿದ್ದ ಎರಡು ಬ್ರೆಡ್ಡು, ಒಂದು ಪಾತ್ರೆ ಚಹಾ ತಂದಿಟ್ಟ. "ಮೊದಲು ತಿನ್ನಿ ಮೇಸ್ತ್ರಿ, ಕೆಲಸ ಎಲ್ಲಿಗೂ ಓಡಿಹೋಗಲ್ಲ" ಎಂದ. ಅವರು ಐದು ನಿಮಿಷದಲ್ಲಿ ತಿಂದು ಮುಗಿಸಿ, "ಅನ್ನ ಹಾಕಿದ ಮನೆ ಸ್ವಾಮಿ ಇದು. ಮಧ್ಯಾಹ್ನಕ್ಕೆ ಮುಗಿಸೋಣ ಅಂತಿದ್ವಿ, ನಿಮಗೋಸ್ಕರ ಅರ್ಧ ಗಂಟೇಲಿ ಮುಗಿಸ್ತೀವಿ" ಎಂದು ಎರಡರಷ್ಟು ಹುರುಪಿನಿಂದ ಎದ್ದರು.

ಹೊಟ್ಟೆಗೆ ಹಾಕಿದ್ದು ಕೆಲಸಕ್ಕೆ ಬರಲಿಲ್ಲ. ಇನ್ನು ಉಳಿದದ್ದು ಸುಳ್ಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಮೇಸ್ತ್ರಿ, ಕೆಳಗೆ ನೀರಿನ ಪೈಪು ಒಡೆದಿದೆ. ಮುಚ್ಚಿದ್ರೆ ರಸ್ತೆನೇ ಕುಸಿಯುತ್ತೆ."

ಮೇಸ್ತ್ರಿ ಹಾರೆಯಿಂದ ಗುಂಡಿಯೊಳಗೆ ತಿವಿದು ನೋಡಿದ. ಮಣ್ಣು ಒದ್ದೆ. ಅರ್ಧ ಗಂಟೆಯ ಹಿಂದೆ ಅತ್ತೆ ನೆಲ ಒರೆಸಿದ ನೀರನ್ನು ದಿನದಂತೆ ಅಲ್ಲಿಗೇ ಸುರಿದಿದ್ದರು. ಮೇಸ್ತ್ರಿಯ ಮುಖ ಸಣ್ಣದಾಯಿತು.

"ಯಾವ ಪೈಪು? ಎಲ್ಲಿಯ ಪೈಪು?" ಎಂದು ಅಜ್ಜ ಕೂಗಾಡಿದರು. "ನಲವತ್ತು ವರ್ಷದಿಂದ ಇಲ್ಲಿದೀನಿ ನಾನು!"

"ಇರಬಹುದು ಅಜ್ಜ, ಆದ್ರೆ ನಿಮ್ಮ ಕಿವಿ ಎಷ್ಟು ವರ್ಷದಿಂದ ಇಲ್ಲ?" ಎಂದಳು ಮೂಲೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಇಸ್ತ್ರಿಯಕ್ಕ. ಅವಳಿಗೆ ಯಾವ ಸುದ್ದಿ ಸಿಕ್ಕರೂ ಮಡಿಕೆ ಹಾಕಿ, ಗರಿಗರಿ ಮಾಡಿಯೇ ಕೊಟ್ಟು ಅಭ್ಯಾಸ. "ಮಧ್ಯಾಹ್ನ ನಾನು ಇಲ್ಲಿ ನಿಂತಿದ್ರೆ ಕಾಲಡಿಯಲ್ಲಿ ಗುಳುಗುಳು ಅನ್ನುತ್ತೆ. ಯಾರಿಗೂ ಹೇಳಿರ್ಲಿಲ್ಲ."

ಅಲ್ಲಿಂದ ಸುಳ್ಳಿಗೆ ಕಾಲು ಬಂತು. ಔಷಧಿ ಅಂಗಡಿಯವನು ತನ್ನ ಗೋಡೆಯ ಬಿರುಕು ತೋರಿಸಿದ. ಮಹಡಿ ಮನೆಯವರಿಗೆ ರಾತ್ರಿಯೆಲ್ಲ ಮಂಚ ಅಲ್ಲಾಡುತ್ತಿತ್ತಂತೆ. ಹನ್ನೊಂದು ಗಂಟೆಗೆ ಬೀದಿಯ ಕೆಳಗೆ ಒಂದು ಹೊಳೆಯೇ ಹರಿಯುತ್ತಿತ್ತು. ಅಳಿಯನಿಗೂ ಒಂದು ಕ್ಷಣ ಕಾಲಡಿ ಗುಳುಗುಳು ಎಂದಂತಾಯಿತು.

ಮೇಸ್ತ್ರಿ ಫೋನು ಮಾಡಿ ಇಂಜಿನಿಯರಮ್ಮನನ್ನು ಕರೆಸಿದ. ಕೆಲಸಕ್ಕೆ ಸೇರಿ ಮೂರೇ ತಿಂಗಳಾಗಿದ್ದ ಹುಡುಗಿ, ಪಾಪ, ಕಾಗದವಿಲ್ಲದೆ ಕೆಮ್ಮಲೂ ಹೆದರುತ್ತಿದ್ದಳು.

"ಪೈಪು ಒಡೆದಿದೆ ಅಂದವರು ಯಾರು?"

ಇಪ್ಪತ್ತು ಬೆರಳು ಅಳಿಯನ ಕಡೆ ತಿರುಗಿದವು. ಗುಳುಗುಳು ಕೇಳಿದ ಬೆರಳೂ ಅದರಲ್ಲಿತ್ತು.

"ಬರೆದು ಕೊಡಿ ಸರ್. ಸಹಿ ಬೇಕು. ಸಹಿ ಇದ್ರೆ ನಾನು ಮುಚ್ಚೋದನ್ನ ನಿಲ್ಲಿಸಬಹುದು."

"ನನಗೆ ಬರೆಯೋಕೆ ಅಷ್ಟು ಸರಿಯಾಗಿ..." ಎಂದು ಅಳಿಯ ತಡವರಿಸುತ್ತಿದ್ದಂತೆ, ಅಲ್ಲಿಯವರೆಗೆ ಮುಖ ಊದಿಸಿಕೊಂಡು ನಿಂತಿದ್ದ ಅಜ್ಜನಿಗೆ ತಡೆಯಲಾಗಲಿಲ್ಲ. ಕಾಗದ ಕಂಡರೆ ಅವರ ಕೈ ತುರಿಸುತ್ತಿತ್ತು.

"ತನ್ನಿ ಇಲ್ಲಿ! 'ಮಾನ್ಯರೇ' ಅನ್ನೋದನ್ನ ಎಲ್ಲಿ ಬರೀಬೇಕು ಅಂತಾದ್ರೂ ಗೊತ್ತಾ ನಿಮಗೆ?" ಎಂದು ಇಸ್ತ್ರಿ ಮೇಜಿನ ಮೇಲೆ ಕಾಗದ ಹರಡಿಯೇಬಿಟ್ಟರು. 'ಭಾರಿ ವಾಹನಗಳ ಭಾರದಿಂದ ಯಾವ ಕ್ಷಣದಲ್ಲಾದರೂ ರಸ್ತೆ ಬಾಯ್ದೆರೆದು ಜೀವಹಾನಿಯಾಗುವ ಸಂಭವವಿದ್ದು' ಎಂದು ಬರೆದು, ತಾವೇ ಓದಿ, ತಾವೇ ತಲೆದೂಗಿದರು. ಹನ್ನೊಂದು ಅರ್ಜಿ ಬರೆದು ಗುಂಡಿ ಮುಚ್ಚಿಸಲು ಹೊರಟವರು ಹನ್ನೆರಡನೆಯದರಲ್ಲಿ ಅದನ್ನು ಉಳಿಸಿದರು.

ಅಳಿಯ ಸಹಿ ಹಾಕಲು ಬಗ್ಗಿದಾಗಲೇ ಬಸ್ಸಿನ ಹಾರನ್ನು ಕೇಳಿಸಿತು. ಹನ್ನೊಂದು ಇಪ್ಪತ್ತು!

ತಲೆ ಎತ್ತಿದ. ನಡುವೆ ಲಾರಿ, ಜನ, ಇಸ್ತ್ರಿಯಕ್ಕನ ಬಟ್ಟೆಯ ಗಂಟು. ಒಂದು ಕಾಲಿನ ಮೇಲೆ ನಿಂತ. ಇನ್ನೊಂದು ಕಾಲಿನ ಮೇಲೂ ನಿಂತ. "ಅಲ್ಲಾಡಬೇಡ್ರೀ, ಸಹಿ ಸೊಟ್ಟಗಾಗುತ್ತೆ" ಎಂದು ಅಜ್ಜ ತೋಳು ಹಿಡಿದೆಳೆದರು. ಎರಡು ತಲೆಗಳ ಸಂದಿಯಲ್ಲಿ ಕಿಟಕಿ ಕಾಣಿಸಿತು. ಅವಳು ಗೇಟಿನ ಕಡೆಗೆ ಕತ್ತು ಹೊರಳಿಸಿದ್ದಳು. ಅವನು ನಿಲ್ಲುವ ಜಾಗ ಖಾಲಿ ಇರುವುದನ್ನು ಅವಳು ನೋಡಿದ್ದನ್ನು ಅವನು ನೋಡಿದ. ಅಷ್ಟರಲ್ಲಿ ಬಸ್ಸು ದಾಟಿಹೋಯಿತು.

ಆದರೂ ಸಮಾಧಾನ ಮಾಡಿಕೊಂಡ. ಒಂದು ದಿನ ಹೋದರೆ ಹೋಗಲಿ, ಇನ್ನು ಮುಂದಿನ ದಿನಗಳೆಲ್ಲ ಉಳಿದವಲ್ಲ! ಲಾರಿ ಡಾಂಬರಿನ ಸಮೇತ ಹಿಂದಿರುಗಿತು. ಅಳಿಯ ಒಳಗೆ ಹೋಗಿ ಹಾಸಿಗೆಯಲ್ಲಿ ಬಿದ್ದುಕೊಂಡು, ನಾಳೆ ಗೇಟಿನ ಬಳಿ ನಿಲ್ಲುವಾಗ ನೀಲಿ ಅಂಗಿ ಹಾಕಿಕೊಳ್ಳಬೇಕು, ಇವತ್ತು ಯಾಕಿರಲಿಲ್ಲ ಎಂಬುದನ್ನು ಏಳು ಸೆಕೆಂಡಿನಲ್ಲಿ ಹೇಗೆ ಹೇಳುವುದು ಎಂದು ಮಾತು ಜೋಡಿಸುತ್ತ ಜೋಡಿಸುತ್ತ ನಿದ್ದೆ ಹೋದ.

ಎಚ್ಚರವಾದಾಗ ನಾಲ್ಕು ಗಂಟೆ. ಹೊರಗೆ ಮಕ್ಕಳ ಗದ್ದಲ. ಬೀದಿಯ ನಟ್ಟನಡುವೆ ಮಗಳೂ ಅವಳ ಗೆಳತಿಯರೂ ಹಗ್ಗದಾಟ ಆಡುತ್ತಿದ್ದರು.

"ರಸ್ತೆ ಮಧ್ಯೆ ಏನೇ ಆಟ? ಬಸ್ಸು ಬಂದ್ರೆ?"

"ಬರಲ್ಲ ಅಪ್ಪ. ನೋಡು!"

ಬೀದಿಯ ಎರಡೂ ತುದಿಗೆ ಕೆಂಪು ಬಿಳಿ ಪಟ್ಟಿಯ ಅಡ್ಡಗಟ್ಟೆ ನಿಂತಿತ್ತು. ಅದರ ಮೇಲೊಂದು ಬೋರ್ಡು: 'ರಸ್ತೆ ಕುಸಿಯುವ ಅಪಾಯ. ಸ್ಥಳೀಯರ ಲಿಖಿತ ಹೇಳಿಕೆಯ ಮೇರೆಗೆ ವಾಹನ ಸಂಚಾರ ನಿಷೇಧಿಸಿದೆ. ಬಸ್ಸುಗಳು ಹಿಂದಿನ ರಸ್ತೆಯಲ್ಲಿ ಸಂಚರಿಸುವವು.'

ಅಳಿಯ ಅಡ್ಡಗಟ್ಟೆ ಕಟ್ಟುತ್ತಿದ್ದ ಮೇಸ್ತ್ರಿಯ ಬಳಿಗೆ ಓಡಿದ. "ಎಷ್ಟು ದಿನ ಇದು?"

"ಪೈಪು ಸಿಗೋವರೆಗೆ."

"ಸಿಗದಿದ್ರೆ?"

"ಸಿಗದ ಪೈಪು ಹುಡುಕೋಕೆ ಇನ್ನೂ ಜಾಸ್ತಿ ದಿನ ಬೇಕು ಸ್ವಾಮಿ."

"ಮೇಸ್ತ್ರಿ, ನಾನು ಹೇಳಿದ್ದು ಸುಳ್ಳು! ಪೈಪೂ ಇಲ್ಲ, ಏನೂ ಇಲ್ಲ!"

ಮೇಸ್ತ್ರಿ ಅವನ ಭುಜ ತಟ್ಟಿದ. "ಯಾರು ಹೆದರಿಸಿದ್ರು ನಿಮ್ಮನ್ನ? ಆ ಅಜ್ಜನಾ? ಹೆದರಬೇಡಿ. ನಿಜ ಹೇಳಿದವರ ಕಡೆ ನಾವಿದೀವಿ."

ಆ ಹೊತ್ತಿಗೆ ಅಡ್ಡಗಟ್ಟೆಯ ಕೆಳಗೆ ನುಸುಳಿಕೊಂಡು ಇಬ್ಬರು ಬಂದರು. ಒಬ್ಬನ ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕಂಬ, ಇನ್ನೊಬ್ಬನ ತಲೆಯ ಮೇಲೆ ಸಿಮೆಂಟು.

"ಡ್ರೈವರಮ್ಮನ ಮನೆ ಯಾವುದು? ಗೇಟಿನ ಎದುರಿಗೇ ನೆಡಬೇಕು ಅಂತ ಬರೆದಿದೆ."

"ಏನು ನೆಡೋದು?" ಎಂದ ಅಳಿಯ.

"ಬಸ್ ನಿಲ್ದಾಣದ ಕಂಬ. ನಾಳೆಯಿಂದ ಹನ್ನೊಂದು ಇಪ್ಪತ್ತರ ಬಸ್ಸಿಗೆ ಇಲ್ಲಿ ಐದು ನಿಮಿಷ ನಿಲುಗಡೆ, ಡ್ರೈವರಿಗೆ ವಿರಾಮ. ನಾಲ್ಕು ತಿಂಗಳಿಂದ ನಮ್ಮ ಪ್ರಾಣ ತಿಂದಿದಾರೆ ಆಯಮ್ಮ. ಗುಂಡಿ ಇರೋ ಕಡೆ ನಿಲುಗಡೆ ಕೊಡಲ್ಲ ಅಂದ್ರು ಸಾಹೇಬ್ರು. ಆಯಮ್ಮ ರಜೆ ದಿನ ಒಂದೊಂದು ಗಂಟೆ ನಗರಸಭೆಗೆ ಅಲೆದು, ಇವತ್ತು ಗುಂಡಿ ಮುಚ್ಚೋ ಹಾಗೆ ಮಾಡಿಸಿದ್ರು. ಈಗ ನೋಡಿದ್ರೆ ರಸ್ತೆನೇ ಇಲ್ಲ!"

"ಹಾಗಾದ್ರೆ ನನ್ನ ಹನ್ನೊಂದು ಅರ್ಜಿ?" ಎಂದರು ಅಜ್ಜ, ಸಣ್ಣ ದನಿಯಲ್ಲಿ.

ಐದು ನಿಮಿಷ! ಏಳು ಸೆಕೆಂಡಿನ ಅಳತೆಯಲ್ಲಿ ಒಂದೂವರೆ ತಿಂಗಳು, ಅದೂ ದಿನಾ. ಅವಳು ಕೆಳಗಿಳಿದು ಬಂದು ಮೆಟ್ಟಿಲ ಮೇಲೆ ಕೂತು ಒಂದು ಲೋಟ ಚಹಾ ಕುಡಿಯಬಹುದಿತ್ತು. ಅಳಿಯ ಕಂಬದವರ ದಾರಿಗೆ ಅಡ್ಡ ನಿಂತ.

"ಕಂಬ ಹಿಂದಿನ ರಸ್ತೇಲಿ ನೆಡಿ. ನಾನು ಅಲ್ಲಿಗೇ ಹೋಗ್ತೀನಿ."

"ಅದು ಬೇರೆ ವಾರ್ಡು. ಬೇರೆ ಅರ್ಜಿ, ಬೇರೆ ಸಾಹೇಬ್ರು."

"ಅಲ್ಲಿ... ಗುಂಡಿಗಿಂಡಿ ಏನಾದ್ರೂ?"

"ಹೋದ ವಾರ ಡಾಂಬರು ಹಾಕಿದಾರೆ ಸ್ವಾಮಿ, ಕನ್ನಡಿ ಇದ್ದ ಹಾಗಿದೆ. ಬಸ್ಸು ಹಾರಿಕೊಂಡು ಹೋಗುತ್ತೆ."

ಅವರು ಕಂಬ ಹೊತ್ತುಕೊಂಡು ಬಂದ ದಾರಿಯಲ್ಲೇ ಹೊರಟರು. ಅಷ್ಟರಲ್ಲಿ ಅತ್ತೆ ಫೋನು ಹಿಡಿದುಕೊಂಡು ಬಾಗಿಲಿಗೆ ಬಂದರು. "ಅಳಿಯಂದಿರೇ, ಅವಳು. ಡಿಪೋದಿಂದ."

"ಬೆಳಿಗ್ಗೆ ಯಾಕೆ ಗೇಟಿನ ಹತ್ರ ಇರ್ಲಿಲ್ಲ ನೀವು?" ಎಂದಿತು ಹೆಂಡತಿಯ ದನಿ. "ಹುಷಾರಿಲ್ವೇನೋ ಅಂತ ಆಸ್ಪತ್ರೆವರೆಗೂ ಅದೇ ಯೋಚನೆ."

"ಹುಷಾರಾಗಿದೀನಿ. ಜನ ಇದ್ರು."

"ಕಂಬದವರು ಬಂದಿದ್ರಾ?"

"ಬಂದಿದ್ರು."

"ನಿಮಗೆ ಮೊದಲೇ ಹೇಳ್ಬೇಕು ಅಂತ ದಿನಾ ನಾಲಿಗೆ ತುದಿಗೆ ಬರ್ತಿತ್ತು. ಪಾಳಿ ಬದಲಾಗುತ್ತೆ ಅಂತ ಮೂರು ಸಲ ಆಸೆ ತೋರಿಸಿದ್ದೆ, ಮೂರು ಸಲವೂ ಆಗ್ಲಿಲ್ಲ. ಆಮೇಲೆ ನಿಮ್ಮ ಮುಖ ನೋಡೋಕೆ ಆಗ್ತಿರ್ಲಿಲ್ಲ ನಂಗೆ. ಅದಕ್ಕೇ ಈ ಸಲ ಬಾಯಿ ಬಿಡ್ಲಿಲ್ಲ." ಅವಳು ಉಸಿರು ಎಳೆದುಕೊಂಡಳು. "ಈಗ ನೋಡಿದ್ರೆ ಯಾರೋ ಮಹಾನುಭಾವ ಪೈಪು ಒಡೆದಿದೆ ಅಂತ ಬರ್ಕೊಟ್ಟು ರಸ್ತೆನೇ ಮುಚ್ಚಿಸಿದಾನಂತೆ. ಯಾರ್ರೀ ಅವನು? ನಮ್ಮ ಬೀದಿಯವನೇನಾ?"

ಅಳಿಯ ಸುತ್ತ ನೋಡಿದ. ಅಜ್ಜ ಚಪ್ಪಲಿ ನೋಡುತ್ತಿದ್ದರು. ಇಸ್ತ್ರಿಯಕ್ಕ ಎಂದೂ ಇಲ್ಲದಷ್ಟು ಗಮನವಿಟ್ಟು ಒಂದು ಕರವಸ್ತ್ರವನ್ನು ಉಜ್ಜುತ್ತಿದ್ದಳು.

"ಹೇಳಿ, ಯಾರು? ನನ್ನ ಕೈಗೆ ಸಿಗ್ಲಿ ಅವನು, ಬಸ್ಸನ್ನ ಅವನ ಮೇಲೇ ಹರಿಸ್ತೀನಿ!"

ಉದ್ದಕ್ಕೂ ಖಾಲಿ ಬಿದ್ದಿದ್ದ ಬೀದಿಯನ್ನು ಅವನು ಆ ತುದಿಯಿಂದ ಈ ತುದಿಯವರೆಗೆ ನೋಡಿದ.

"ಹರಿಸು" ಎಂದ ಮೆಲ್ಲಗೆ. "ಆದ್ರೆ ಅದಕ್ಕೂ ಬಸ್ಸು ಈ ಕಡೆ ಬರ್ಬೇಕಲ್ಲ."