ರನ್ನಿಂಗ್ ಬ್ಯಾಕ್ ಪಂಡಿತನ ಮೂರು ತೀರ್ಪುಗಳು

ಬಾಯಿ ಮುಚ್ಚಿಕೊಂಡಿರುವುದೊಂದು ಬಿಟ್ಟು ಮಿಕ್ಕೆಲ್ಲ ವಿದ್ಯೆಯೂ ನನಗೆ ಬರುವುದರಿಂದ, ಏನಾದರೊಂದು ಪೇಚು ವಾರಕ್ಕೊಂದಾದರೂ ಆಗುತ್ತಲೇ ಇರುತ್ತದೆ. ಟೆಕ್ಸಾಸಿನಲ್ಲಿ ಕಾಲೇಜು ಫುಟ್‌ಬಾಲಿನ ಮಹಾಪಂಡಿತ ಎಂದು ನನಗೆ ಹೆಸರು ಬಂದದ್ದೂ ಹೀಗೆಯೇ. ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಆ ಅಮೆರಿಕನ್ ಆಟದಲ್ಲಿ ನನಗೆ ಅರ್ಥವಾಗಿದ್ದು ಒಂದೇ: ರನ್ನಿಂಗ್ ಬ್ಯಾಕ್ ಎಂಬ ಮಹಾಶಯ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಕೆಡವಲು ಬರುವ ಧಡಿಯರ ಸಂದಿಯಲ್ಲಿ ನುಸುಳಿ, ಯಾರ ಕೈಗೂ ಸಿಗದೆ ಓಡುತ್ತಾನೆ. ಇಂಥವರನ್ನು ತಯಾರು ಮಾಡುವುದರಲ್ಲಿ ಯಾವ ಕಾಲೇಜು ಮೇಲು ಎಂಬುದು ಇಲ್ಲಿ ಅಣ್ಣತಮ್ಮಂದಿರು ಮಾತು ಬಿಡುವಂಥ ಪ್ರಶ್ನೆ. ತೀರ್ಪು ಕೊಡಲು ನನಗೆ ಇಷ್ಟು ಜ್ಞಾನ ಧಾರಾಳವಾಯಿತು.

೧. ಲಾಸ್ ಕೊಲಿನಾಸ್: ಗಾಳಿಯ ಸಿದ್ಧಾಂತ

ಡಾಲಸ್ ಪಕ್ಕದ ನಮ್ಮ ಆಫೀಸಿನ ಲಂಚ್ ಟೇಬಲ್ಲಿನಲ್ಲಿ ಇದೇ ಜಗಳ. ಇಲ್ಲಿ ಒಂದೊಂದು ಕಾಲೇಜಿನ ತಂಡಕ್ಕೂ ಒಂದೊಂದು ಬಣ್ಣ. ನಮ್ಮ ಮ್ಯಾನೇಜರ್ ಮೇಡಂ ಮೆರೂನ್ ಬಣ್ಣದ ಕಾಲೇಜಿನವರು. ಅವರ ಸ್ಟೇಪ್ಲರ್ ಕೂಡ ಮೆರೂನ್. ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ನೀವೇನಂತೀರಿ?" ಎಂದರು. ಬಾಯ್ತುಂಬ ಮೊಸರನ್ನವಿತ್ತು. ಅದನ್ನು ನಿಧಾನವಾಗಿ ನುಂಗಿದ್ದನ್ನು ಎಲ್ಲರೂ ಗಾಂಭೀರ್ಯವೆಂದು ತಿಳಿದರು.

"ಮೆರೂನೇ, ಅನುಮಾನ ಬೇಡ. ಅಲ್ಲಿ ಬಯಲು, ಬರೀ ಗಾಳಿ. ಎದುರುಗಾಳಿಯಲ್ಲಿ ಓಡಿ ಬೆಳೆದ ಹುಡುಗರು. ಗಾಳಿ ನಿಂತ ದಿನ ಅವರನ್ನ ಹಿಡಿಯೋರು ಯಾರು?"

ಮೇಡಂ ಫೋರ್ಕ್ ಕೆಳಗಿಟ್ಟರು. "ಇಷ್ಟು ವರ್ಷ ಆಟ ನೋಡ್ತಿದ್ದೀನಿ, ಇದು ನನಗೆ ಹೊಳೆದೇ ಇರಲಿಲ್ಲ."

ಹೊಳೆಯುವುದು ಹೇಗೆ? ನನಗೇ ಹೊಳೆದು ಅರ್ಧ ನಿಮಿಷವಾಗಿತ್ತು.

೨. ಕೇಟಿ: ಬೆವರಿನ ಸಿದ್ಧಾಂತ

ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ನನ್ನ ಧಾರವಾಡದ ಗೆಳೆಯನಿದ್ದಾನೆ. ಅವನ ಮಗ ಕೆಂಪು ಬಣ್ಣದ ಕಾಲೇಜು ಸೇರಿದ ದಿನದಿಂದ ಅಪ್ಪನೂ ಕೆಂಪು ಟೀಶರ್ಟು ಬಿಚ್ಚಿಲ್ಲ. ಹಿತ್ತಲಲ್ಲಿ ಮಿರ್ಚಿ ಭಜಿಯ ತಟ್ಟೆ ಹಿಡಿದು, ನನ್ನ ಕೈಗೆಟುಕದಷ್ಟು ದೂರ ನಿಂತು ಕೇಳಿದ:

"ಪಂಡಿತ್ರ, ನೀವ ಹೇಳ್ರಿ. ನಮ್ಮ ಹುಡುಗನ ಕಾಲೇಜಿನಂಥಾ ರನ್ನಿಂಗ್ ಬ್ಯಾಕ್ ಮತ್ತೆಲ್ಲರೆ ಅದಾರೇನು?"

ಭಜಿ ಆರುತ್ತಿತ್ತು. "ಎಲ್ಲೂ ಇಲ್ಲ," ಎಂದೆ. "ಹ್ಯೂಸ್ಟನ್ ಸೆಖೆ ಅಂದ್ರೆ ಸಾಮಾನ್ಯಾನಾ? ವರ್ಷವಿಡೀ ಮೈ ಬೆವರಲ್ಲಿ ನೆಂದಿರುತ್ತೆ. ಹಿಡಿದವರ ಕೈಯಿಂದ ಸೋಪಿನ ಹಾಗೆ ಜಾರ್ತಾರೆ."

ತಟ್ಟೆ ಇಡಿಯಾಗಿ ನನ್ನ ಮಡಿಲಿಗೆ ಬಂತು. ಗೆಳೆಯ ಹೆಂಡತಿಯನ್ನು ಕರೆದು, "ಕೇಳಿದೇನ? ಸೈನ್ಸ್ ಅಂದ್ರ ಇದು!" ಎಂದ.

ಆಕೆ ತಣ್ಣಗೆ, "ಹಂಗಾದ್ರ ನಮ್ಮ ಹುಡುಗ ಅಭ್ಯಾಸಕ್ಕ ಕರದಾಗೆಲ್ಲ ಜಾರೂದಕ್ಕೂ ಇದ ಬೆವರ ಕಾರಣ ಏನ್ರಿ?" ಎಂದರು.

೩. ಆಸ್ಟಿನ್: ಟ್ರಾಫಿಕ್ಕಿನ ಸಿದ್ಧಾಂತ

ಮಗಳು ಮೆಚ್ಚಿದ ಹುಡುಗ ಆಸ್ಟಿನ್ನಿನವನು. ಅವನಪ್ಪ ಹೈಸ್ಕೂಲ್ ಹುಡುಗರಿಗೆ ಜೀವಮಾನವಿಡೀ ಫುಟ್‌ಬಾಲ್ ಕಲಿಸಿದ ಕೋಚ್. ಮೊದಲ ಸಲ ನೋಡಲು ಹೋಗುವಾಗ ಕಾರಿನಲ್ಲೇ ಮಗಳು ಎಚ್ಚರಿಸಿದಳು: "ಅಪ್ಪಾ, ಪ್ಲೀಸ್. ಗೊತ್ತಿಲ್ಲ ಅಂದ್ರೆ ಅವರಿಗೆ ಬೇಜಾರಿಲ್ಲ. ಸುಳ್ಳು ಹೇಳಿದ್ರೆ ಮಾತ್ರ ಅವರು ಮರೆಯೋದೇ ಇಲ್ಲ."

ಬಾಗಿಲಲ್ಲೇ ಕಿತ್ತಳೆ ಬಣ್ಣದ ಬಾವುಟ. ಅದರ ಕೆಳಗೆ ಬಾವುಟದ ಕಂಬದಂಥ ಕೋಚ್. ಕೈ ಕುಲುಕುತ್ತಲೇ ಪ್ರಶ್ನೆ: "ಒಳ್ಳೆ ರನ್ನಿಂಗ್ ಬ್ಯಾಕ್‌ಗಳು ಎಲ್ಲಿಂದ ಬರ್ತಾರೆ?"

"ಇಲ್ಲಿಂದಲೇ ಸರ್! ಐ-ಥರ್ಟಿಫೈವ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಂದಿ ಹುಡುಕಿ ಬೆಳೆದವರಿಗೆ ಮೈದಾನದಲ್ಲಿ ಸಂದಿ ಯಾವ ಲೆಕ್ಕ?"

ಕೋಚ್ ಒಮ್ಮೆ ತಲೆಯಾಡಿಸಿದರು. ಆ ತಲೆ ಸುಲಭಕ್ಕೆ ಆಡುವುದಲ್ಲವಂತೆ. ನಿಶ್ಚಿತಾರ್ಥ ಗೊತ್ತಾಯಿತು.

ವಾಪಸ್ಸು ಬರುವಾಗ ಅದೇ ಐ-ಥರ್ಟಿಫೈವ್‌ನಲ್ಲಿ ಎರಡು ಗಂಟೆ ಸಿಕ್ಕಿಕೊಂಡೆವು. ಒಂದು ಸಂದಿಯೂ ಸಿಗಲಿಲ್ಲ.

೪. ಲಿಟಲ್ ಎಲ್ಮ್: ಊಟದ ಟೇಬಲ್

ನಿಶ್ಚಿತಾರ್ಥ ನಮ್ಮ ಮನೆಯಲ್ಲೇ, ಡಾಲಸ್ ಪಕ್ಕದ ಲಿಟಲ್ ಎಲ್ಮ್‌ನಲ್ಲಿ. ಊಟಕ್ಕೆ ಯಾರನ್ನು ಎಲ್ಲಿ ಕೂರಿಸಬೇಕೆಂಬುದು ನನ್ನ ಹೆಂಡತಿಯ ಖಾತೆ. ಅವಳು ಮೆರೂನ್ ಮೇಡಂ, ಕೆಂಪು ಗೆಳೆಯ, ಕಿತ್ತಳೆ ಟೈ ಕಟ್ಟಿದ ಕೋಚ್ ಮೂವರನ್ನೂ ಒಂದೇ ಟೇಬಲ್ಲಿಗೆ ಹಾಕಿದ್ದಳು. ನಾನು ಹೋಳಿಗೆ ಹಿಡಿದು ಹೋಗುವಷ್ಟರಲ್ಲಿ ಮಾತು ಅಲ್ಲಿಗೇ ಬಂದಿತ್ತು.

"ಕಿತ್ತಳೆಯೇ. ಹುಡುಗಿಯ ಅಪ್ಪನೂ ಒಪ್ಪಿದ್ದಾರೆ," ಎಂದರು ಕೋಚ್.

"ನನಗೆ ಮೆರೂನ್ ಅಂದ್ರಲ್ಲ! ಗಾಳಿ!" ಎಂದರು ಮೇಡಂ.

"ಇಬ್ಬರಿಗೂ ಸುಳ್ಳು ಹೇಳ್ಯಾರ," ಗೆಳೆಯ ಎದ್ದೇ ನಿಂತ. "ಸೋಪಿನ ಮಾತು ನನಗ ಹೇಳ್ಯಾರ!"

ಮೂವರೂ ನನ್ನತ್ತ ತಿರುಗಿದರು. ಕೋಚ್ ನಗಲಿಲ್ಲ. "ಯಾರಿಗೆ ಹೇಳಿದ್ದು ನಿಜ?"

ಮಗಳು ಬೆರಳಿನ ಉಂಗುರ ಮುಟ್ಟಿ ನೋಡಿಕೊಂಡಳು. ಅದು ಬೆರಳಿಗೆ ಬಿದ್ದು ಒಂದು ಗಂಟೆಯೂ ಆಗಿರಲಿಲ್ಲ.

"ಹೋಳಿಗೆಗೆ ತುಪ್ಪ ತರ್ತೀನಿ," ಎಂದು ಅಡುಗೆಮನೆ ಕಡೆ ಹೊರಳಿದೆ. ಬಾಗಿಲಲ್ಲಿ ಹೆಂಡತಿ. "ತುಪ್ಪ ಇಲ್ಲೇ ಇದೆ." ಎಡಕ್ಕೆ ಸರಿದು, "ಗರಾಜಿನಿಂದ ನೀರು..." ಎಂದೆ. "ನೀರೂ ಬಂದಿದೆ," ಎಂದಳು. ಬಲಕ್ಕೆ ಸರಿದು, "ಫೋನು ರಿಂಗ್ ಆಯ್ತು," ಎಂದೆ. "ನಿಮ್ಮ ಫೋನು ನನ್ನ ಕೈಯಲ್ಲಿದೆ."

ಆಮೇಲೆ ಅವಳು ಕೋಚ್ ಕಡೆ ತಿರುಗಿ ಅಚ್ಚ ಕನ್ನಡದಲ್ಲೇ ಹೇಳಿದಳು: "ಇವರನ್ನ ಏನ್ ಕೇಳ್ತೀರಿ? ನನ್ನ ಸಾರು ಚೆನ್ನಾಗಿರುತ್ತೋ, ಇವರಮ್ಮನ ಸಾರೋ ಅಂತ ಮೂವತ್ತು ವರ್ಷದಿಂದ ಕೇಳ್ತಿದ್ದೀನಿ. ನಾನು ಆ ಕಡೆಯಿಂದ, ಅತ್ತೆ ಈ ಕಡೆಯಿಂದ ಹಿಡಿಯೋಕೆ ನೋಡ್ತೀವಿ. ಇನ್ನೂ ಕೈಗೆ ಸಿಕ್ಕಿಲ್ಲ."

ಮಗಳು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದಳು.

ಕೋಚ್ ಚಮಚ ಕೆಳಗಿಟ್ಟರು. ಎದ್ದು ಬಂದು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹೊಟ್ಟೆ ನೋಡಿ, ಕಾಲು ನೋಡಿ, ಭುಜದ ಮೇಲೆ ಕೈಯಿಟ್ಟು ನನ್ನ ಹೆಂಡತಿಯನ್ನು ಬಲು ಗೌರವದಿಂದ ಕೇಳಿದರು:

"ಇವರು ಓದಿದ್ದು ಯಾವ ಕಾಲೇಜು?"