ಚಿಕ್ಕಪ್ಪನ ಹಾಲಿವುಡ್ ನಾಟಕ

ನಮ್ಮ ಚಿಕ್ಕಪ್ಪ ಹಾಲಿವುಡ್ಡಿಗೆ ಹೋಗಲಿಲ್ಲ, ಹಾಲಿವುಡ್ಡನ್ನೇ ಮುಳಬಾಗಿಲಿಗೆ ಎಳೆದು ತಂದರು. ಬರಲಾರೆನೆಂದು ಅದು ಎಷ್ಟು ಒದ್ದಾಡಿತೋ ದೇವರೇ ಬಲ್ಲ!

ತೊಂಬತ್ತರ ದಶಕದ ಮಾತು. ಅಂಗಡಿಗಳ ಲೆಕ್ಕ ಬರೆಯುತ್ತಿದ್ದ ಚಿಕ್ಕಪ್ಪ ಕೋಲಾರದಿಂದ ಬಾಡಿಗೆಗೆ ಒಂದು ವಿಡಿಯೋ ಕ್ಯಾಸೆಟ್ ತಂದರು. ಕಪ್ಪು ಬಿಳುಪಿನ ಇಂಗ್ಲಿಷ್ ಹಾಸ್ಯಚಿತ್ರ. ಗಂಡ ಹೆಂಡತಿ ಜಗಳವಾಡುತ್ತಾರೆ, ಹೆಂಡತಿ ದಡಾರನೆ ಬಾಗಿಲು ಹಾಕಿಕೊಂಡು ಹೋಗುತ್ತಾಳೆ, ಆಮೇಲೆ ತಾನೇ ವಾಪಸ್ ಬರುತ್ತಾಳೆ. ಇದು ಮೊದಲು ನಾಟಕವಾಗಿತ್ತೆಂದು ಕ್ಯಾಸೆಟ್ ಅಂಗಡಿಯವನು ಹೇಳಿದ್ದೇ ತಡ, ಚಿಕ್ಕಪ್ಪನ ಮೈಮೇಲೆ ಬಂತು.

"ಲೇ, ಇದನ್ನ ನಾವು ತಿರುಗಿ ನಾಟಕ ಮಾಡೋಣ ಕಣೋ!"

"ನಿಮಗೆ ಇಂಗ್ಲಿಷ್ ಬರಲ್ವಲ್ಲ ಚಿಕ್ಕಪ್ಪ?" ಎಂದೆ. ನಾನಾಗ ಕಾಲೇಜು ಓದುತ್ತಿದ್ದೆ.

"ಗಂಡ ಹೆಂಡ್ತಿ ಜಗಳ ಅರ್ಥ ಆಗೋಕೆ ಇಂಗ್ಲಿಷ್ ಯಾಕೋ? ಮದುವೆ ಆಗಿದ್ರೆ ಸಾಕು!"

ಶ್ರೀಮಂತರ ಮನೆಯ ಸೆಟ್ಟು ಬೇಕಲ್ಲ? ಮನೆಯ ಸೋಫಾ, ಪರದೆ, ಗೋಡೆ ಗಡಿಯಾರ ಎಲ್ಲವೂ ಬಸ್ ನಿಲ್ದಾಣದೆದುರಿನ ಛತ್ರ ಸೇರಿದವು. ಮನೆಯಲ್ಲಿ ಉಳಿದವರು ಚಿಕ್ಕಮ್ಮ ಮಾತ್ರ. ನಾಯಕಿ ಸಿಗದೆ ಕೊನೆಗೆ ಅವರನ್ನೂ ಸಾಗಿಸಿದರು!

"ಶ್ರೀನಿವಾಸಪುರಕ್ಕೆ ಹೋಗಿ ಅಮ್ಮನ್ನ ನೋಡ್ಕೊಂಡು ಬರ್ತೀನಿ ರೀ" ಎಂದು ಚಿಕ್ಕಮ್ಮ ಕೇಳಿದಾಗಲೆಲ್ಲ ಒಂದೇ ಉತ್ತರ: "ನಾಟಕ ಮುಗೀಲಿ. ನಾಯಕಿ ತವರಿಗೆ ಹೋದ್ರೆ ಹಾಲಿವುಡ್ ಗತಿ ಏನೇ?"

ಭಾನುವಾರ ಸಂಜೆ ಛತ್ರ ತುಂಬಿತು. ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುವ ಕೆಲಸ ನನ್ನದು. ಜಗಳದ ದೃಶ್ಯದಲ್ಲಿ ಚಿಕ್ಕಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಮನೇಲಿ ಕೂರೋಕೆ ಕುರ್ಚಿ ಇಲ್ಲ, ಬಾಗಿಲಿಗೆ ಪರದೆ ಇಲ್ಲ, ಕೇಳಿದ್ರೆ ಹಾಲಿವುಡ್ ಅಂತೀರ! ಏಂ ಮನಿಷಂಡಿ ಮೀರು!"

ಸಿಟ್ಟಿಗೆ ತೆಲುಗೂ ಬಂದುಬಿಟ್ಟಿತ್ತು, ಎಂಥಾ ಮನುಷ್ಯರೀ ನೀವು ಅಂತ. ಇದ್ಯಾವುದೂ ನನ್ನ ಕೈಯಲ್ಲಿದ್ದ ಹಾಳೆಯಲ್ಲಿರಲಿಲ್ಲ. ಜನ ಶಿಳ್ಳೆ ಹೊಡೆದರು. ಚಿಕ್ಕಮ್ಮ ದಡಾರನೆ ಬಾಗಿಲು ಹಾಕಿಕೊಂಡು ಹೊರಟುಹೋದರು.

ಗಂಡನ ಪಾತ್ರದ ಚಿಕ್ಕಪ್ಪ ಪೇಪರ್ ಓದುತ್ತ ಕೂತರು. ಪುಟ ತಿರುಗಿಸಿದ ಕೂಡಲೇ ಹೆಂಡತಿ ವಾಪಸ್ ಬರಬೇಕು. ತಿರುಗಿಸಿದರು. ಬರಲಿಲ್ಲ. ಪೇಟೆ ಧಾರಣೆ ಓದಿದರು, ಟೆಂಡರ್ ಪ್ರಕಟಣೆ ಓದಿದರು, ಮರಣವಾರ್ತೆಯನ್ನೂ ಬಿಡಲಿಲ್ಲ. ಕೊನೆಗೆ ಪೇಪರ್ ಬಿಸಾಕಿ ಹೊರಗೆ ಓಡಿದರು. ಹಿಂದೆಯೇ ನಾನು.

ಚಿಕ್ಕಮ್ಮ ಬಸ್ ನಿಲ್ದಾಣದಲ್ಲಿ ಬ್ಯಾಗು ಹಿಡಿದು ನಿಂತಿದ್ದರು.

"ಏನೇ ಇದು? ಒಳಗೆ ಜನ ಕಾಯ್ತಿದಾರೆ!"

"ಅಮ್ಮ ಬಿದ್ದು ಸೊಂಟ ಮುರ್ಕೊಂಡಿದಾಳಂತೆ ರೀ. ಮಧ್ಯಾಹ್ನ ಫೋನ್ ಬಂತು. ಜಗಳದ ಸೀನ್ ಇಲ್ದೆ ನಿಮ್ಮ ನಾಟಕ ನಿಲ್ಲಲ್ಲ ಅಂತ ಅದೊಂದು ಮುಗಿಸಿ ಬಂದೆ. ಉಳಿದಿದ್ದು ನೀವು ನೋಡ್ಕೊಳ್ಳಿ."

ಅಷ್ಟರಲ್ಲಿ ಬಸ್ಸು ಬಂತು. ಚಿಕ್ಕಪ್ಪ ಬ್ಯಾಗು ಕಸಿದುಕೊಂಡು ಚಿಕ್ಕಮ್ಮನಿಗಿಂತ ಮೊದಲೇ ಹತ್ತಿದರು!

"ಚಿಕ್ಕಪ್ಪ, ನಾಟಕ?"

"ಮುಗೀತು ಅಂತ ಹೇಳೋ. ಇಂಗ್ಲಿಷ್ ನಾಟಕ ಹಿಂಗೇ ಮುಗಿಯೋದು ಅನ್ನು!"

ಹಾಗೆಯೇ ಹೇಳಿದೆ. ಜನ ನಂಬಿ ಚಪ್ಪಾಳೆ ತಟ್ಟಿದರು. ಚಿಕ್ಕಮ್ಮನ ಅಮ್ಮ ಎದ್ದು ಓಡಾಡುವವರೆಗೂ ಚಿಕ್ಕಪ್ಪ ಶ್ರೀನಿವಾಸಪುರ ಬಿಟ್ಟು ಕದಲಲಿಲ್ಲ.

ನನ್ನ ಕಣ್ಣಲ್ಲಿ ಉಳಿದಿರುವುದು ಮಾತ್ರ ಹೊರಟ ಬಸ್ಸಿನ ಕಿಟಕಿ. ಚಿಕ್ಕಮ್ಮ ಅಳುತ್ತಲೇ, ಸೆರಗಿನ ತುದಿಯಿಂದ ಚಿಕ್ಕಪ್ಪನ ಮುಖದ ಬಣ್ಣ ಒರೆಸುತ್ತಿದ್ದರು. ಚಿಕ್ಕಪ್ಪ ಮಗುವಿನ ಹಾಗೆ ಕಣ್ಣು ಮುಚ್ಚಿ ಮುಖ ಒಡ್ಡಿಕೊಂಡು ಕೂತಿದ್ದರು.