ಕಾಲುಸಂಕದ ಚಿತ್ರ ಅಳಿಸಿದ ಗ್ರಾಫಿಕ್ಸ್ ಡ್ರೈವರಿಗೆ ಒಂದು ಮನವಿ

ಮಾನ್ಯ ಗ್ರಾಫಿಕ್ಸ್ ಡ್ರೈವರ್ ಅವರ ಸನ್ನಿಧಿಗೆ,

ಯಲ್ಲಾಪುರ ತಾಲೂಕಿನ ಚಂದಗುಳಿ ಸಮೀಪದಿಂದ ನಿವೃತ್ತ ಚಿತ್ರಕಲಾ ಶಿಕ್ಷಕಿ ರೋಹಿಣಿ ಮಾಡುವ ವಂದನೆಗಳು. ತಾವು ಮೂರು ವರ್ಷಗಳಿಂದ ನಮ್ಮ ಮನೆಯ ಕಂಪ್ಯೂಟರಿನೊಳಗೆ ವಾಸವಾಗಿದ್ದೀರಿ. ಒಂದು ದಿನವೂ ಚಹಾ ಕೇಳಿದವರಲ್ಲ. ಪರದೆಯ ಮೇಲೆ ಚಿತ್ರ ಮೂಡಿಸುವ ಕಾರ್ಡಿಗೂ ನನಗೂ ನಡುವೆ ನಿಂತು, ನನ್ನ ಮಾತನ್ನು ಅದಕ್ಕೆ ಮುಟ್ಟಿಸುವ ಕೆಲಸವನ್ನು ಸದ್ದಿಲ್ಲದೆ ಮಾಡಿಕೊಂಡು ಬಂದಿದ್ದೀರಿ. ಇಂಥ ಸಭ್ಯರ ಮೇಲೆ ದೂರು ಬರೆಯುವುದಕ್ಕೆ ನನಗೆ ಸಂಕೋಚವೇ. ಆದರೂ ಕಳೆದ ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ತಾವು ನಡೆಸಿದ ಕಾರ್ಯವನ್ನು ನಾಲ್ಕು ಜನರ ಮುಂದೆ ಹೇಳದೆ ಬಿಟ್ಟರೆ ನನಗೆ ಸಮಾಧಾನವಾಗುವುದಿಲ್ಲ.

ತಮಗೆ ತಿಳಿದಿರಲಾರದು, ನಮ್ಮ ಕೇರಿಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳವಿದೆ. ಅದನ್ನು ದಾಟುವುದಕ್ಕೆ ಎರಡು ಮರದ ದಿಮ್ಮಿಗಳಿದ್ದವು. ಹೋದ ಶ್ರಾವಣದಲ್ಲಿ ಕಲ್ಲವ್ವ ಎಂಬ ಅರವತ್ತೈದರ ಹೆಂಗಸು ಹುಲ್ಲಿನ ಹೊರೆ ಹೊತ್ತು ದಂಡೆಯಿಂದ ದಿಮ್ಮಿಗೆ ಇಳಿಯುವಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆ ಕೈಯ ಮುಷ್ಟಿ ಇವತ್ತಿಗೂ ಪೂರ್ತಿ ಮುಚ್ಚುವುದಿಲ್ಲ. ಅದಾದ ಮೇಲೆ ಪಂಚಾಯತಿ ಸಿಮೆಂಟಿನ ಕಾಲುಸಂಕ ಮಂಜೂರು ಮಾಡಿತು, ಉಲ್ಲಾಸ ಎಂಬ ತರುಣ ಎಂಜಿನಿಯರ್ ನಕ್ಷೆ ತಂದು ಹರಡಿದರು. ಊರವರೆಲ್ಲ ಬಗ್ಗಿ ನೋಡಿದರು. ಕಲ್ಲವ್ವ ಮಾತ್ರ ಬಾಯಿಬಿಟ್ಟು ಹೇಳಿದಳು, "ನನಗ ಇದು ರಂಗೋಲಿ ಕಂಡಂಗ ಕಾಣ್ತೈತ್ರಿ. ಸಂಕ ಎಲ್ಲೈತಿ ತೋರಸ್ರಿ."

ತೋರಿಸುವ ಹೊಣೆ ನಾನು ಹೊತ್ತೆ. ನಿವೃತ್ತಿಯ ನಂತರ ವೀಡಿಯೋ ನೋಡಿ ನೋಡಿ ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರ ಬಿಡಿಸುವುದನ್ನು ಕಲಿತವಳು ನಾನು. ಎಂಜಿನಿಯರರ ಅಳತೆ ಹಿಡಿದು ಇಪ್ಪತ್ತು ದಿನ ಕುಳಿತು ಸಂಕವನ್ನು ಕಟ್ಟಿದೆ. ಸುತ್ತ ತಿರುಗಿಸಿ ಎಲ್ಲ ಮಗ್ಗುಲಿನಿಂದ ನೋಡಬಹುದಿತ್ತು. ಅಷ್ಟಕ್ಕೇ ನಿಲ್ಲದೆ ಹಳ್ಳದಲ್ಲಿ ನೀರು ಹರಿಸಿದೆ, ಕಲ್ಲಿಗೆ ಪಾಚಿ ಹಚ್ಚಿದೆ, ದಂಡೆಯ ಮೆಟ್ಟಿಲುಗಳ ಬದಿಗೆ ಜರಿಗಿಡಗಳನ್ನು ಒತ್ತೊತ್ತಾಗಿ ನೆಟ್ಟೆ. ಜರಿಗಿಡಗಳಿಗೇ ಮೂರು ದಿನ ಹಿಡಿಯಿತು. ಮಂಗಳವಾರ ಹನ್ನೊಂದಕ್ಕೆ ಎಂಜಿನಿಯರರೂ ಕೇರಿಯವರೂ ನಮ್ಮ ಮನೆಗೆ ಬಂದು ಚಿತ್ರ ನೋಡುವುದು, ಒಪ್ಪಿಗೆಯಾದರೆ ಅಲ್ಲೇ ಸಹಿ ಹಾಕುವುದು, ಮರುದಿನ ಕೆಲಸ ಶುರು ಎಂದು ನಿಶ್ಚಯವಾಗಿತ್ತು.

ಅದೇ ದಿನ ಬೆಳಿಗ್ಗೆ ಏಳಕ್ಕೆ, ನನ್ನನ್ನು ಒಂದು ಮಾತೂ ಕೇಳದೆ, ತಾವು ಹೊಸ ಆವೃತ್ತಿಗೆ ಬದಲಾಗಲು ಮನಸ್ಸು ಮಾಡಿದಿರಿ. ಪರದೆ ಕಪ್ಪಾಯಿತು, ಹಸಿರು ಪಟ್ಟೆಗಳು ಓಡಿದವು, ಮತ್ತೆ ಕಪ್ಪಾಯಿತು. ನನ್ನ ಯಜಮಾನರಾದ ನಾಗಪತಿಯವರು ಹಲ್ಲುಜ್ಜುತ್ತಲೇ ಬಂದು ಕೇಳಿದರು, "ಕರೆಂಟು ಇದ್ದು, ಫ್ಯಾನು ತಿರುಗ್ತಾ ಇದ್ದು. ಇದು ಎಂತಕ್ಕೆ ಕಪ್ಪು?" ಕಂಪ್ಯೂಟರನ್ನು ಆರಿಸಿ ಹಚ್ಚಿದಾಗ ಪರದೆಯೇನೋ ಬಂತು, ಆದರೆ ಅಕ್ಷರಗಳು ಅಂಗಡಿ ಬೋರ್ಡಿನಷ್ಟು ದಪ್ಪಗಿದ್ದವು, ಬಾಣದ ಗುರುತು ತೆವಳುತ್ತಿತ್ತು. ಸಾಧನಗಳ ಪಟ್ಟಿ ತೆರೆದರೆ ಕಾರ್ಡಿನ ಹೆಸರಿನ ಪಕ್ಕ ಹಳದಿ ತ್ರಿಕೋನ, ಕೆಳಗೆ ಒಂದು ವಾಕ್ಯ: ಈ ಸಾಧನವು ತೊಂದರೆಗಳನ್ನು ವರದಿ ಮಾಡಿರುವುದರಿಂದ ಇದನ್ನು ನಿಲ್ಲಿಸಲಾಗಿದೆ. ತೊಂದರೆ ಹೇಳಿಕೊಂಡವರನ್ನೇ ಕೆಲಸದಿಂದ ನಿಲ್ಲಿಸುವ ಈ ಪದ್ಧತಿ ಸರ್ಕಾರಿ ಶಾಲೆಯಲ್ಲಿ ಮೂವತ್ತು ವರ್ಷ ದುಡಿದ ನನಗೆ ಹೊಸದೇನೂ ಅಲ್ಲ. ಆದರೆ ಯಂತ್ರಗಳೂ ಇಷ್ಟು ಬೇಗ ಕಲಿತದ್ದನ್ನು ಕಂಡು ಮೆಚ್ಚುಗೆಯೇ ಆಯಿತು.

ಆಮೇಲೆ ನಾನು ಮಾಡಿದ್ದೆಲ್ಲ ತಮಗೆ ನೆನಪಿರಬಹುದು. ಸೇಫ್ ಮೋಡಿಗೆ ಹೋಗಿ ತಮ್ಮನ್ನು ಗೌರವಪೂರ್ವಕವಾಗಿ ತೆಗೆದುಹಾಕಿದೆ. ಕಂಪ್ಯೂಟರ್ ಮತ್ತೆ ಶುರುವಾಗುವಷ್ಟರಲ್ಲಿ ತಾವು ಇಂಟರ್‌ನೆಟ್ಟಿನ ದಾರಿ ಹಿಡಿದು ಅದೇ ಹೊಸ ವೇಷದಲ್ಲಿ ಬಂದು ಕುಳಿತಿದ್ದಿರಿ. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಇಂಟರ್‌ನೆಟ್ಟಿನ ತಂತಿಯನ್ನೇ ಕಿತ್ತೆ. ಕಾರ್ಡಿನದೇ ದೋಷವಿರಬಹುದೆಂದು ನಾಗಪತಿಯವರು ಪೆಟ್ಟಿಗೆ ಬಿಚ್ಚಿ ಅದನ್ನು ಹೊರತೆಗೆದರು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ನನ್ನ ಚಿತ್ರದ ರಬ್ಬರಿನಿಂದ ಉಜ್ಜಿದರು, ಫ್ಯಾನಿನ ಹಿಂದಿದ್ದ ಹಲ್ಲಿಯ ಮೊಟ್ಟೆಗಳೆರಡನ್ನು ಕಾಗದದ ಮೇಲೆ ಇಳಿಸಿಕೊಂಡು ಹಿತ್ತಿಲಿಗೆ ಒಯ್ದು ಇಟ್ಟುಬಂದರು. ಕಾರ್ಡು ಥಳಥಳ ಹೊಳೆಯಿತು. ಹಳದಿ ತ್ರಿಕೋನವೂ ಇದ್ದಲ್ಲೇ ಇತ್ತು.

ಹತ್ತೂವರೆಗೆ ಪಕ್ಕದ ಮನೆಯ ತಿಮ್ಮ ಬಂದ. ಮೂವತ್ತು ವರ್ಷ ಅರಬೈಲ್ ಘಟ್ಟದಲ್ಲಿ ಲಾರಿ ಓಡಿಸಿದವನು. ಡ್ರೈವರ್ ಸರಿಯಿಲ್ಲ ಎಂದು ನಾನು ಗೊಣಗಿದ್ದು ಕಿವಿಗೆ ಬಿದ್ದು ಅವನ ಮುಖ ಸಣ್ಣದಾಯಿತು. ತಮ್ಮ ವಿಷಯ ವಿವರಿಸಿದ ಮೇಲೆ ಸ್ವಲ್ಪ ಯೋಚಿಸಿ ಹೇಳಿದ, "ನಿನ್ನೆ ತನ್ಕ ಗಾಡಿ ಚಲೋ ಇತ್ತಲ್ರಾ ಅಕ್ಕೋರೇ? ಹಂಗಾದ್ರೆ ಹಳೇ ಡ್ರೈವರನ್ನೇ ವಾಪಸ್ ಕರೀರಿ. ಘಟ್ಟದಾಗೆ ಹೊಸಬ್ರನ್ನ ಪರೀಕ್ಷೆ ಮಾಡೂದಲ್ಲ." ಬೆಳಿಗ್ಗೆ ನಾನು ಫೋನು ಹಚ್ಚಿ ಕೇಳಿದ್ದ ತಮ್ಮ ಕಂಪನಿಯ ಸಹಾಯವಾಣಿ ಒಂದು ಗಂಟೆಯಲ್ಲಿ ಹೇಳದ ಪರಿಹಾರವನ್ನು ಅವನು ನಿಂತ ಕಾಲಲ್ಲಿ ಹೇಳಿಬಿಟ್ಟ. ಆದರೆ ಹಳೆಯ ಆವೃತ್ತಿಯನ್ನು ಹುಡುಕಿ ಇಳಿಸಿಕೊಳ್ಳಲು ಹೊತ್ತಿರಲಿಲ್ಲ. ಅಂಗಳದಲ್ಲಿ ಜನ ಚಪ್ಪಲಿ ಬಿಡುತ್ತಿದ್ದರು.

ತಾವಿಲ್ಲದ ಪರದೆಯಲ್ಲಿ ನನ್ನ ಚಿತ್ರ ತೆರೆದುಕೊಂಡದ್ದು ಬರೀ ಗೆರೆಗಳಾಗಿ. ನೀರಿಲ್ಲ, ಪಾಚಿಯಿಲ್ಲ, ಜರಿಗಿಡಗಳಂತೂ ಒಂದೂ ಇಲ್ಲ. ಬೂದು ಬಣ್ಣದ ಮೇಲೆ ತಂತಿಯಿಂದ ಕಟ್ಟಿದ ಹಾಗೆ ಒಂದು ಸಂಕ. ಇಪ್ಪತ್ತು ದಿನದ ಕೆಲಸ ಹೀಗೆ ಬೆತ್ತಲಾಗಿ ನಿಂತದ್ದನ್ನು ನೋಡಿ ನನ್ನ ಕಣ್ಣು ತುಂಬಿತು. ಕ್ಷಮೆ ಕೇಳುತ್ತಲೇ ಅದನ್ನು ನಿಧಾನವಾಗಿ ತಿರುಗಿಸಿ ತೋರಿಸಿದೆ. ಕಲ್ಲವ್ವ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಬಂದಳು, ಮುಚ್ಚದ ಆ ಕೈಯ ಬೆರಳಿನಿಂದ ಒಂದು ಗೆರೆಯನ್ನು ಹಿಡಿದು ಸಾಗಿದಳು.

"ಅಕ್ಕೋರ, ಇದು ಕಟಕಟಿ ಹೌದಲ್ರಿ?"

ಹೌದು, ಕೈ ಹಿಡಿಯುವ ಕಟಕಟೆ ಎಂದೆ.

"ಇಲ್ಲೇ ನಿಂತೈತಲ್ಲ. ಮುಂದ ಈ ನಾಕು ಮೆಟ್ಟಲಕ್ಕ ಏನ್ ಹಿಡ್ಕೊಂಡು ಇಳೀಲಿ? ನಾ ಬಿದ್ದಿದ್ದು ನಡು ಹಳ್ಳದಾಗ ಅಲ್ರಿ, ದಂಡ್ಯಾಗ."

ಎಂಜಿನಿಯರ್ ಉಲ್ಲಾಸ ತಮ್ಮ ನಕ್ಷೆಯನ್ನು ಬಿಚ್ಚಿ ನೋಡಿದರು. ಅಲ್ಲಿಯೂ ಕಟಕಟೆ ಸಂಕದೊಂದಿಗೇ ಮುಗಿದಿತ್ತು, ಮೆಟ್ಟಿಲುಗಳು ಬರಿದಾಗಿದ್ದವು. ನಾನು ಅಳತೆ ತಪ್ಪಿರಲಿಲ್ಲ. ಆದರೆ ಆ ನಾಲ್ಕು ಮೆಟ್ಟಿಲುಗಳ ಬದಿಗೆ ಎಷ್ಟು ಚೆಂದವಾಗಿ ಜರಿಗಿಡ ನೆಟ್ಟಿದ್ದೆನೆಂದರೆ ಅಲ್ಲಿ ಏನೋ ಇಲ್ಲವೆಂಬುದು ನನಗೇ ಕಂಡಿರಲಿಲ್ಲ. ಉಲ್ಲಾಸ ಪೆನ್ಸಿಲ್ ತೆಗೆದು, "ತಪ್ಪು ನನ್ನದೇ, ಅಜ್ಜಿ," ಎಂದು ಎರಡೂ ಬದಿಗೆ ಕಟಕಟೆಯನ್ನು ಕೊನೆಯ ಮೆಟ್ಟಿಲಿನವರೆಗೆ ಎಳೆದರು. ಆಮೇಲೆ ಎಲ್ಲರೂ ಸಹಿ ಹಾಕಿದರು. ಕಲ್ಲವ್ವ ಎಡಗೈಯಲ್ಲಿ ಹಾಕಿದಳು.

ಈಗ ನನ್ನ ಸಂಕಟವನ್ನು ತಾವು ಗಮನಿಸಬೇಕು. ತಾವು ಆ ದಿನ ನೆಟ್ಟಗಿದ್ದಿದ್ದರೆ ಎಲ್ಲರೂ ನನ್ನ ಜರಿಗಿಡಗಳನ್ನು ಹೊಗಳಿ ಚಹಾ ಕುಡಿದು ಹೋಗುತ್ತಿದ್ದರು. ಹಾಗೆಂದು ತಮಗೆ ಸನ್ಮಾನ ಮಾಡೋಣವೆಂದರೆ, ತಾವು ಇದನ್ನೆಲ್ಲ ಬೇಕೆಂದು ಮಾಡಿದಿರೆಂಬುದಕ್ಕೆ ಯಾವ ಸಾಕ್ಷಿಯೂ ಇಲ್ಲ. ಆದ್ದರಿಂದ ಶಾಲು ಹಣ್ಣುಗಳ ವಿಚಾರ ಬಿಟ್ಟು ಕೆಲವು ಸಣ್ಣ ಪ್ರಾರ್ಥನೆಗಳನ್ನಷ್ಟೇ ಮುಂದಿಡುತ್ತೇನೆ. ಇನ್ನು ಮುಂದೆ ಬದಲಾಗಬೇಕೆನಿಸಿದಾಗ ಅಂಗಳದಲ್ಲಿ ನಿಂತು ಒಮ್ಮೆ ಕೆಮ್ಮಬೇಕು. ನಮ್ಮ ಕಡೆ ಯಾರೇ ಬಂದರೂ ಅಷ್ಟು ಮಾಡುತ್ತಾರೆ. ಪಂಚಾಯತಿ ಸಭೆಯ ತಾರೀಖು ತಿಳಿದುಕೊಂಡು ಹೊರಡಬೇಕು. ಸಾಧ್ಯವಾದರೆ ತಮ್ಮನ್ನು ತಯಾರಿಸುವ ಮಹನೀಯರು ಒಂದು ಹೊರೆ ಹುಲ್ಲು ಹೊತ್ತು ನಮ್ಮ ಹಳ್ಳವನ್ನು ಒಂದು ಸಲ ದಾಟಿ ತೋರಿಸಬೇಕು, ಅದೂ ಕಣ್ಣಿಗೆ ಕಪ್ಪು ಪರದೆ ಕಟ್ಟಿಕೊಂಡು.

ಆ ಮಧ್ಯಾಹ್ನವೇ ತಿಮ್ಮನ ಮಾತಿನಂತೆ ಹಳೆಯ ಡ್ರೈವರನ್ನು ಕರೆಸಿಕೊಂಡೆ. ನೀರು ಹರಿಯಿತು, ಪಾಚಿ ಹತ್ತಿತು. ಮೆಟ್ಟಿಲಿನ ಬದಿಯ ಜರಿಗಿಡಗಳನ್ನು ನಾನೇ ಒಂದೊಂದಾಗಿ ಅಳಿಸಿದೆ. ಮೇ ತಿಂಗಳ ಕೊನೆಗೆ ನಿಜವಾದ ಸಂಕ ಮುಗಿಯಿತು. ಕಲ್ಲವ್ವ ಮೊದಲ ಸಲ ದಾಟಿದಾಗ ಕೊನೆಯ ಮೆಟ್ಟಿಲಿನ ಮೇಲೆ ನಿಂತು, ಬಲಗೈಯ ಬೆರಳುಗಳು ಎಷ್ಟು ಮುಚ್ಚುತ್ತವೋ ಅಷ್ಟರಲ್ಲೇ ಕಟಕಟೆಯನ್ನು ಹಿಡಿದು, ಎರಡು ಸಲ ಅಲ್ಲಾಡಿಸಿ ನೋಡಿದಳು. ಅದು ಅಲುಗಲಿಲ್ಲ.

ಇಷ್ಟಾದರೂ ತಮ್ಮ ಮೇಲೆ ಮುನಿಸು ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ರೋಹಿಣಿ

ತಾ.ಕ.: ತಮ್ಮ ಹೊಸ ಆವೃತ್ತಿಯ ಟಿಪ್ಪಣಿಯನ್ನು ಭೂತಗನ್ನಡಿ ಹಿಡಿದು ಪೂರ್ತಿ ಓದಿದೆ. "ಅಪರೂಪದ ಕೆಲವು ಸಂದರ್ಭಗಳಲ್ಲಿ ಪರದೆ ಕಪ್ಪಾಗಬಹುದಾಗಿದ್ದ ತೊಂದರೆಯನ್ನು ಸರಿಪಡಿಸಲಾಗಿದೆ" ಎಂದಿದೆ. ನನ್ನನ್ನು ಅಪರೂಪ ಎಂದು ಕರೆದವರು ಮದುವೆಯಾದ ಮೂವತ್ತನಾಲ್ಕು ವರ್ಷಗಳಲ್ಲಿ ತಾವೇ ಮೊದಲಿಗರು. ಆ ಸಾಲನ್ನು ಮುದ್ರಿಸಿ ನಾಗಪತಿಯವರ ಕಣ್ಣಿಗೆ ಬೀಳುವಲ್ಲಿ ಅಂಟಿಸಿದ್ದೇನೆ.